ಮಳೆ ಎಂದು ಬರೆದ ಚೀಟಿ

ಕಾಫಿ ಕ್ಯೂರಿಂಗ್ ವರ್ಕ್ಸಿನ ಕ್ವಾರ್ಟರ್ಸ್ ಸಾಲಿನವರು ಇಸ್ಮತ್ ಬಗ್ಗೆ ಹೇಳುತ್ತಿದ್ದುದು ಒಂದೆರಡಲ್ಲ. ಹಾಲಿನವನು ಅಳೆದು ಸುರಿದ ಹಾಲನ್ನು ಅವಳು ಒಳಗೆ ಹೋಗಿ ತನ್ನ ಲೋಟದಲ್ಲಿ ಇನ್ನೊಮ್ಮೆ ಅಳೆಯುತ್ತಾಳೆ ಎನ್ನುತ್ತಿದ್ದರು. ಬೀಗ ಹಾಕಿ, ಎಳೆದು ನೋಡಿ, ಗೇಟಿನ ತನಕ ಹೋಗಿ, ತಿರುಗಿ ಬಂದು ಮತ್ತೆ ಎಳೆದು ನೋಡುತ್ತಾಳೆ ಎನ್ನುತ್ತಿದ್ದರು. ಪಕ್ಕದ ಮನೆಯ ಸರೋಜಮ್ಮನಂತೂ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ಆಡಿ ತೋರಿಸುತ್ತಿದ್ದಳು: "ಗಂಟೆ ಹತ್ತಾಯ್ತು ಇಸ್ಮತ್ ಅಂದ್ರೆ, ನಿಮ್ ಗಡಿಯಾರಕ್ಕೆ ಕೀ ಕೊಟ್ಟಿದ್ದು ಯಾವಾಗ ಸರೋಜಕ್ಕ ಅಂತ ಕೇಳ್ತಾಳೆ ಮಾರಾಯ್ರೆ!"

ಇಸ್ಮತ್‌ಗೆ ಇದೆಲ್ಲ ಕೇಳಿಸುತ್ತಿತ್ತು. ಬೇಸರವೇನೂ ಆಗುತ್ತಿರಲಿಲ್ಲ. ಕೀ ಕೊಡದ ಗಡಿಯಾರ ನಂಬಿ ಬಸ್ಸು ತಪ್ಪಿಸಿಕೊಂಡವರು ಆ ಸಾಲಿನಲ್ಲೇ ಮೂವರಿದ್ದರಲ್ಲ.

ಈ ಗುಣ ಅವಳಿಗೆ ಅಪ್ಪನಿಂದ ಬಂದದ್ದು. ಅಬ್ದುಲ್ ರಹೀಮ್ ಮೂಡಿಗೆರೆಯಲ್ಲಿ ಮೂವತ್ತು ವರ್ಷ ಜೀಪು, ಲಾರಿ ರಿಪೇರಿ ಮಾಡಿದವರು. ಘಾಟಿ ಇಳಿಯುವ ಗಾಡಿಯ ಡ್ರೈವರು "ಎಲ್ಲ ಸರಿ ಇದೆ ಸಾಬ್ರೇ" ಎಂದರೆ ಅವರು ಮೊದಲು ಚಕ್ರದ ಕೆಳಗೆ ಬಗ್ಗುತ್ತಿದ್ದರು. ಮಗಳು ಪಕ್ಕದಲ್ಲಿ ಟಾರ್ಚು ಹಿಡಿದು ಕೂತಿರುತ್ತಿದ್ದಳು. "ನೋಡು ಬೇಟಿ, ಬ್ರೇಕ್ ಆಯಿಲ್ ಇದ್ರೆ ಮುಂದಿನ ಮಾತು. ಇಲ್ದಿದ್ರೆ ಗಾಡಿ ಇಲ್ಲೇ." ಇದ್ರೆ, ಇಲ್ದಿದ್ರೆ. ಅವಳ ಬಾಲ್ಯವೆಲ್ಲ ಆ ಎರಡು ಮಾತಿನ ನಡುವೆ ಕಳೆಯಿತು.

ಹಾಗಾಗಿ ತೊಂಬತ್ತಮೂರರಲ್ಲಿ ಚಿಕ್ಕಮಗಳೂರಿನ ಕಂಪ್ಯೂಟರ್ ಕ್ಲಾಸಿಗೆ ಸೇರಿದಾಗ ಬೇರೆಯವರು ತಿಣುಕಾಡಿದ ಜಾಗದಲ್ಲಿ ಅವಳಿಗೆ ತವರಿಗೆ ಬಂದಂತಾಯಿತು. ಯಂತ್ರಕ್ಕೆ ಹೇಳಬೇಕಾದ ಕೆಲಸಗಳನ್ನು ಸಾಲುಸಾಲಾಗಿ ಬರೆದಿಟ್ಟರೆ ಅದು ಶೆಲ್ ಸ್ಕ್ರಿಪ್ಟ್. ಅದರಲ್ಲಿ 'ಇಫ್' ಎಂದು ಬರೆದು ಚೌಕ ಕಂಸದೊಳಗೆ ಒಂದು ಷರತ್ತು ಇಡಬೇಕು. ಷರತ್ತು ನಿಜವಾದರೆ 'ದೆನ್' ಕೆಳಗಿನ ಕೆಲಸ, ಆಗದಿದ್ದರೆ 'ಎಲ್ಸ್' ಕೆಳಗಿನ ಕೆಲಸ. ಕೊನೆಯಲ್ಲಿ ಇಫ್ ಅನ್ನೇ ತಿರುಗಿಸಿ 'ಫಿ' ಎಂದು ಬರೆದು ಬಾಗಿಲು ಹಾಕಬೇಕು. ಕಡತ ಇದೆಯೇ? ಇದ್ದರೆ ಖಾಲಿಯೋ, ಒಳಗೇನಾದರೂ ಇದೆಯೋ? ಒಂದನ್ನೂ ನಂಬದೆ ಎಲ್ಲವನ್ನೂ ಕೇಳಿ ಮುಂದೆ ಹೋಗುವ ಈ ಭಾಷೆ ತನ್ನಂಥವರೇ ಯಾರೋ ಮಾಡಿದ್ದು ಎಂದು ಅವಳಿಗೆ ಅನಿಸಿತು.

ಮರುವರ್ಷವೇ ಕ್ಯೂರಿಂಗ್ ವರ್ಕ್ಸಿನಲ್ಲಿ ಕೆಲಸ ಸಿಕ್ಕಿತು. ಎಸ್ಟೇಟುಗಳಿಂದ ಬರುವ ಪಾರ್ಚ್‌ಮೆಂಟ್, ಅಂದರೆ ತೊಳೆದು ಒಣಗಿಸಿದ, ಸಿಪ್ಪೆಯ ಪೊರೆ ಬಿಡಿಸದ ಕಾಫಿ, ಇಲ್ಲಿ ಇಳಿಯುತ್ತಿತ್ತು. ತೇವ ಹೆಚ್ಚಿದ್ದರೆ ಇನ್ನೂ ಒಣಗಲು ಕಣಕ್ಕೆ, ಹದವಾಗಿದ್ದರೆ ನೇರ ಗೋದಾಮಿಗೆ. ಕಣದ ಮೇಸ್ತ್ರಿ ಬಸವರಾಜು, ಅದೇ ಸರೋಜಮ್ಮನ ಗಂಡ, ಮೀಟರಿನಲ್ಲಿ ತೇವ ನೋಡಿ ಚೀಟಿ ಬರೆಯುತ್ತಿದ್ದ. ಹಳೆಯ ರೈಟರ್ ಷಡಕ್ಷರಿಯವರು ಚೀಟಿ ಓದಿ ಎಲ್ಲಿಗೆ ಎಂದು ಹೇಳುತ್ತಿದ್ದರು. ತೊಂಬತ್ತೇಳರ ಕೊನೆಗೆ ಅವರು ನಿವೃತ್ತರಾಗುವುದಿತ್ತು. ಅವರ ಕುರ್ಚಿಗೆ ಇನ್ನೊಬ್ಬರನ್ನು ತರುವ ಬದಲು ಅವರ ಕೆಲಸವನ್ನು ಯಂತ್ರಕ್ಕೆ ಹೇಳಿಕೊಡಲು ಮ್ಯಾನೇಜರ್ ಸೋಮಶೇಖರಪ್ಪ ಇಸ್ಮತ್‌ಗೆ ಹೇಳಿದರು.

ಅವಳು ಮೂರು ದಿನ ಷಡಕ್ಷರಿಯವರ ಎದುರು ಸ್ಟೂಲು ಹಾಕಿ ಕೂತಳು.

"ತೇವ ಹನ್ನೊಂದಕ್ಕಿಂತ ಹೆಚ್ಚಿದ್ರೆ?"

"ಕಣಕ್ಕೆ."

"ಇಲ್ದಿದ್ರೆ?"

"ಗೋದಾಮಿಗೆ. ಇನ್ನೆಲ್ಲಿಗೆ, ನಮ್ಮನೆಗಾ?"

"ಚೀಟಿನೇ ಬರ್ಲಿಲ್ಲ ಅಂದ್ರೆ? ಲಾಟಿನ ನಂಬರ್ ಎರಡು ಸಲ ಬಂದ್ರೆ?"

"ನೀನು ಪೊಲೀಸಿಗೆ ಸೇರ್ಬೇಕಿತ್ತು ಕಣಮ್ಮ" ಎಂದು ಮುದುಕರು ಕನ್ನಡಕ ತೆಗೆದು ಒರೆಸಿಕೊಂಡರು.

ಯಂತ್ರದ ಲೆಕ್ಕಕ್ಕೆ ದಶಾಂಶದ ಚುಕ್ಕಿ ಹಿಡಿಸುತ್ತಿರಲಿಲ್ಲ. ಹತ್ತೂವರೆಯನ್ನು ನೂರೈದು ಎಂದೇ ಒತ್ತಬೇಕೆಂದು ಕಣದ ಗುಮಾಸ್ತನಿಗೆ ಕಲಿಸಿದಳು. ನೂರಹತ್ತಕ್ಕಿಂತ ಹೆಚ್ಚಿದ್ದರೆ ಕಣ, ಎಲ್ಸ್ ಗೋದಾಮು. ಒಂದೊಂದು ಸಲ ಯಂತ್ರ ಏನೇನೋ ಗೊಣಗಿ ಆ ಗೊಣಗಾಟ ಗೋದಾಮಿನ ಚೀಟಿಯ ಮೇಲೂ ಅಚ್ಚಾಗುತ್ತಿತ್ತು. ಗೋದಾಮಿನವರು ಗಲಿಬಿಲಿಗೊಳ್ಳುತ್ತಾರೆಂದು ಆ ಗೊಣಗಾಟವನ್ನೆಲ್ಲ ಕಾಣದ ತಿಪ್ಪೆಗೆ ಎಸೆಯುವಂತೆ ಸ್ಕ್ರಿಪ್ಟಿನ ಸಾಲಿನ ಕೊನೆಗೆ ಒಂದು ತುಂಡು ಸೇರಿಸಿದಳು. ಚೀಟಿ ಚೊಕ್ಕವಾಗಿ ಬರತೊಡಗಿತು.

ತೊಂಬತ್ತೆಂಟರ ಜೂನಿನಲ್ಲಿ ಗೋದಾಮಿನ ಬಾಗಿಲು ತೆಗೆದಾಗ ಮುಗ್ಗಲು ವಾಸನೆ ಹೊಡೆಯಿತು. ಕಳಸದ ಭಾಗೀರಥಿಯಮ್ಮನವರ ಎಸ್ಟೇಟಿನ ಮೂರು ಲಾಟು, ಮೂಟೆ ಬಿಚ್ಚಿದರೆ ಬಿಳಿ ಬೂಸಲು. ಮಾರ್ಚಿ ಇಪ್ಪತ್ತಾರನೇ ತಾರೀಕು ಬಂದ ಮಾಲು. ಕಂಪ್ಯೂಟರ್ ಚೀಟಿಯಲ್ಲಿ 'ಗೋದಾಮು' ಎಂದೇ ಇತ್ತು.

ಸೋಮಶೇಖರಪ್ಪನವರು ಕೇಳುವ ಮೊದಲೇ ಇಸ್ಮತ್‌ಗೆ ಒಂದು ಸಂಗತಿ ನೆನಪಾಗಿತ್ತು. ಅದೇ ದಿನ ಆಫೀಸಿನ ಕಿಟಕಿಯಿಂದ ಅವಳು ಕಂಡದ್ದು: ಕಳಸದ ಲಾರಿಯ ಡ್ರೈವರು ಪೇಪರಿನಲ್ಲಿ ಸುತ್ತಿದ ಪೊಟ್ಟಣವೊಂದನ್ನು ಬಸವರಾಜುವಿನ ಕೈಗಿಟ್ಟ. ಬಸವರಾಜು ಅತ್ತಿತ್ತ ನೋಡಿ ಅಂಗಿಯೊಳಗೆ ಸೇರಿಸಿದ. ಮಾರನೆಯ ಬೆಳಿಗ್ಗೆ ಮಗಳ ಮನೆಗೆಂದು ಮೂರು ದಿನ ರಜೆ ಹಾಕಿ ತರೀಕೆರೆಗೆ ಹೋದ. ಪೊಟ್ಟಣ, ರಜೆ, ಮುಗ್ಗಲು. ಒಂದರ ಪಕ್ಕ ಒಂದಿಟ್ಟು ನೋಡಿದಷ್ಟೂ ಸಾಲು ಸರಿಯಾಗಿ ಕೂತಿತು.

"ಒದ್ದೆ ಮಾಲಿಗೆ ಒಣಗಿದ ಅಂಕಿ ಬರ್ದಿದಾರೆ ಸಾರ್" ಎಂದಳು, ಪೊಟ್ಟಣ ಕಂಡದ್ದನ್ನೂ ಹೇಳಿದಳು. "ಮಿಷನ್‌ಗೆ ಬಂದ ಅಂಕಿ ಮೇಲೆ ಅದು ಹೇಳೋದು. ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ."

ಬಸವರಾಜುವನ್ನು ಒಂದು ಮಾತೂ ಕೇಳದೆ ಕೆಲಸದಿಂದ ತೆಗೆದರು. ತಿಂಗಳ ಕೊನೆಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕೆಂದು ಕಾಗದ ಬಂತು. ಇಪ್ಪತ್ತೆರಡು ವರ್ಷ ಆ ಕಣದಲ್ಲಿ ಬರಿಗಾಲಲ್ಲಿ ಕಾಫಿ ಮಗುಚಿದ ಮನುಷ್ಯ ಜಗಲಿಯ ಮೇಲೆ ಕೂತು ಬೀಡಿ ಹಚ್ಚುವುದನ್ನೂ ಮರೆತ.

ನಲ್ಲಿಯ ಹತ್ತಿರ ಸರೋಜಮ್ಮ ಈಗ ಆಡಿ ತೋರಿಸುವುದನ್ನು ಬಿಟ್ಟಳು. ಇಸ್ಮತ್ ಬಿಂದಿಗೆ ಹಿಡಿದು ಬಂದರೆ ತನ್ನದನ್ನು ಅರ್ಧಕ್ಕೇ ಎತ್ತಿಕೊಂಡು ಹೋಗುತ್ತಿದ್ದಳು. ಇಸ್ಮತ್ ಅದನ್ನೂ ಗುರುತು ಹಾಕಿಕೊಂಡಳು. ತಪ್ಪಿಲ್ಲದವರು ಯಾಕೆ ಮುಖ ತಪ್ಪಿಸಬೇಕು?

ಒಂದು ದಿನ ಸರೋಜಮ್ಮ ಬಿಂದಿಗೆ ಎತ್ತಲಿಲ್ಲ.

"ಆ ಪೊಟ್ಟಣದಲ್ಲಿ ಎಂಥ ಇತ್ತು ಗೊತ್ತಾ ನಿಂಗೆ?"

"ನಂಗೇನ್ ಗೊತ್ತು ಸರೋಜಕ್ಕ."

"ಹೊರನಾಡಿನ ಪ್ರಸಾದ. ಮಗಳು ಬಸುರಿ ಅಂತ ಡ್ರೈವರಿಗೆ ಹೇಳಿ ತರ್ಸಿದ್ದೆ. ಅದನ್ನೇ ಇವ್ರು ತರೀಕೆರೆಗೆ ತಗೊಂಡು ಹೋಗಿದ್ದು. ಮಳೆಯಲ್ಲಿ ನೆನೀತದೆ ಅಂತ ಅಂಗಿ ಒಳಗೆ ಇಟ್ಕೊಂಡ್ರೆ ಅದೂ ಕಳ್ಳತನ ಆಯ್ತು." ಅವಳು ನಲ್ಲಿ ತಿರುಗಿಸಿ ನಿಲ್ಲಿಸಿದಳು. "ಊರಿನವರನ್ನೆಲ್ಲ ಅನುಮಾನ ಮಾಡ್ತೀಯಲ್ಲ, ಹಾಲಿನವನು, ಗಡಿಯಾರ, ಬೀಗ... ನಿನ್ನ ಆ ಮಿಷನ್‌ನ ಒಂದು ದಿನ ಕೇಳಿ ನೋಡಿದ್ಯೇನೇ?"

ಇಸ್ಮತ್ ಬಿಂದಿಗೆ ಎತ್ತಿಕೊಂಡು ಒಳಗೆ ಬಂದಳು. ಪ್ರಸಾದದ ಮಾತನ್ನು ಅವಳು ನಂಬಲಿಲ್ಲ. ಆದರೆ 'ಮಳೆಯಲ್ಲಿ' ಎಂದದ್ದು ಚುಚ್ಚಿತು. ಆವತ್ತು ಮಳೆ ಇತ್ತೇ? ಹೌದು, ಕಿಟಕಿ ಹಾಕಲು ಎದ್ದಾಗಲೇ ಪೊಟ್ಟಣ ಕಂಡದ್ದು. ಕಾಫಿ ಗಿಡದಲ್ಲಿ ಹೂ ಅರಳಿಸುವ ವರ್ಷದ ಮೊದಲ ಹೂಮಳೆ. ಆ ಸೀಸನ್ನಿನಲ್ಲಿ ಲಾರಿಯಿಂದ ಮಾಲು ಇಳಿಯುವಾಗ ಮಳೆ ಹೊಡೆದದ್ದು ಅದೊಂದೇ ದಿನ.

ಬಸವರಾಜುವಿನ ಸುಳ್ಳನ್ನು ಅವನ ಕೈಬರಹದಲ್ಲೇ ಹಿಡಿಯಬೇಕೆಂದು ಮರುದಿನ ಕಣದ ಶೆಡ್ಡಿಗೆ ಹೋದಳು. ಮೂಲ ಚೀಟಿಗಳನ್ನು ತಂತಿಗೆ ಚುಚ್ಚಿಡುವ ರೂಢಿ. ಮಾರ್ಚಿ ಇಪ್ಪತ್ತಾರರ ಮೂರು ಚೀಟಿ ಸಿಕ್ಕಿತು. ಅಂಕಿ ಇರಬೇಕಾದ ಜಾಗದಲ್ಲಿ ಮೂರರಲ್ಲೂ ಒಂದೇ ಮಾತು: ಮಳೆ.

ಮೊದಲು ಬಂದ ಯೋಚನೆ, ಈಚೆಗೆ ಬರೆದು ಸೇರಿಸಿರಬಹುದು ಎಂದು. ಬೆಳಕಿಗೆ ಹಿಡಿದಳು. ಶಾಯಿ ಆ ವಾರದ ಬೇರೆ ಚೀಟಿಗಳದ್ದೇ, ತಂತಿಯ ತೂತಿನ ಸುತ್ತ ತುಕ್ಕು ಹಿಡಿದಿತ್ತು. ಗುಮಾಸ್ತನನ್ನು ಕೇಳಿದಳು.

"ಮಳೆ ಹೊಡೆದ ದಿನ ಮೂಟೆ ಮೇಲೆ ನೀರು ಕೂತಿರ್ತದೆ ಮೇಡಂ, ಮೀಟರ್ ಸರಿ ತೋರಿಸಲ್ಲ. ಅದಕ್ಕೇ ಮಳೆ ಅಂತ ಬರ್ಯೋದು. ಬಿಸಿಲು ಬಂದ್ಮೇಲೆ ಹರಡಿ ಮತ್ತೆ ನೋಡ್ಬೇಕು ಅಂತ. ಷಡಕ್ಷರಿ ರೈಟರಿಗೆ ಗೊತ್ತಿತ್ತು."

"ನೀವೇನು ಒತ್ತಿದ್ರಿ?"

"ಚೀಟಿಲಿ ಇದ್ದಿದ್ದೇ. ಮಳೆ ಅಂತ, ಇಂಗ್ಲಿಷ್ ಅಕ್ಷರದಲ್ಲಿ."

ಷಡಕ್ಷರಿಯವರು ಇದನ್ನು ಹೇಳಿರಲಿಲ್ಲ. ಈ ಬೆಟ್ಟದ ಸೀಮೆಯಲ್ಲಿ ಮಳೆ ಎಂದರೆ ಏನೆಂದು ಯಾರು ಯಾರಿಗೆ ಹೇಳಿಕೊಡುತ್ತಾರೆ?

ಇಸ್ಮತ್ ಯಂತ್ರದ ಮುಂದೆ ಕೂತಳು. ಸಾಲಿನ ಕೊನೆಯ ಆ ತಿಪ್ಪೆಯ ತುಂಡನ್ನು ಅಳಿಸಿದಳು. ಅಂಕಿಯ ಜಾಗದಲ್ಲಿ ಮಳೆ ಎಂದು ಒತ್ತಿದಳು. ಹಸಿರು ಅಕ್ಷರಗಳಲ್ಲಿ ಯಂತ್ರ ಗೊಣಗಿತು: ಇದು ಅಂಕಿಯಲ್ಲ. ಅದರ ಕೆಳಗೇ ಚೊಕ್ಕವಾಗಿ ಬರೆಯಿತು: ಗೋದಾಮು. ಮಳೆ ಎಂಬ ಮಾತು ನೂರಹತ್ತಕ್ಕಿಂತ ಹೆಚ್ಚು ಎಂದು ಯಂತ್ರಕ್ಕೆ ಸಾಬೀತಾಗಲಿಲ್ಲ, ಹಾಗಾಗಿ ಎಲ್ಸ್. ಹೆಚ್ಚಿಲ್ಲ ಎಂದು ಗೊತ್ತಿರುವುದಕ್ಕೂ ಏನೂ ಗೊತ್ತಿಲ್ಲದಿರುವುದಕ್ಕೂ ಅವಳು ಒಂದೇ ಬಾಗಿಲು ಇಟ್ಟಿದ್ದಳು. ಅನುಮಾನವಿದೆ ಎಂದು ಯಂತ್ರ ಆವತ್ತೇ ಹೇಳಿತ್ತು. ಬಾಯಿ ಮುಚ್ಚಿಸಿದವಳು ತಾನು.

ಆವತ್ತು ಅವಳು ಊಟಕ್ಕೆ ಕೂತವಳು ತಟ್ಟೆಯಲ್ಲೇ ಬೆರಳಾಡಿಸಿದಳು. ಈಗ ಮಗಳ ಜೊತೆಯೇ ಇದ್ದ ಅಬ್ದುಲ್ ರಹೀಮ್ ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಇದು ನಿನ್ನ ಬಿಟ್ಟು ಬೇರೆ ಯಾರಿಗಾದ್ರೂ ಗೊತ್ತಾ?"

"ಇಲ್ಲ ಅಬ್ಬಾ. ಹೇಳ್ದಿದ್ರೆ ಯಾರಿಗೂ ಗೊತ್ತಾಗಲ್ಲ."

"ಬ್ರೇಕ್ ಹೋದ ಗಾಡಿನ ಸರಿ ಇದೆ ಅಂತ ಕಳ್ಸಿದ್ರೆ, ಡ್ರೈವರಿಗೂ ಗೊತ್ತಾಗಲ್ಲ. ಘಾಟಿ ತಿರುವು ಬರೋ ತನಕ." ಅಷ್ಟು ಹೇಳಿ ಅವರು ಕೈ ತೊಳೆಯಲು ಎದ್ದರು.

ಸೋಮಶೇಖರಪ್ಪನವರು ಮೂರು ಚೀಟಿಯನ್ನೂ ನೋಡಿ ಮೇಜಿನ ಮೇಲೆ ಸಾಲಾಗಿ ಇಟ್ಟರು.

"ನೋಡಮ್ಮ, ಮಾಲೀಕರಿಗೆ ಬಸವರಾಜು ಅಂತ ಬರೆದು ಕಳಿಸಿ ಆಗಿದೆ. ಈಗ ಮಿಷನ್ ತಪ್ಪು ಅಂದ್ರೆ, ಮಿಷನ್ ತರ್ಸಿದ್ದು ನಾನು. ಅವನಿಗೂ ವಯಸ್ಸಾಯ್ತು. ನೀನು ಹೋದ್ರೆ ಇದನ್ನ ನಡ್ಸೋರು ಯಾರು? ಈ ಚೀಟಿ ಇಲ್ಲೇ ಇರ್ಲಿ ಬಿಡು." ಡ್ರಾಯರು ಎಳೆದರು.

ಇಸ್ಮತ್ ಆ ಡ್ರಾಯರನ್ನು ನೋಡಿದಳು. ಅದಕ್ಕೆ ಬೀಗವಿತ್ತು. ಬೀಗದ ಕೈ ಇದ್ದದ್ದು ಅವರ ಜೇಬಿನಲ್ಲಿ. ಇವತ್ತು ನನಗಾಗಿ ಮುಚ್ಚುವ ಡ್ರಾಯರು ನಾಳೆ ಯಾರಿಗಾಗಿ ತೆರೆಯುತ್ತದೋ ಎಂಬ ಅನುಮಾನ ಅಲ್ಲಿಯೂ ಅವಳ ಕೈಬಿಡಲಿಲ್ಲ. ಕೈಚಾಚಿ ಚೀಟಿಗಳನ್ನು ವಾಪಸು ತೆಗೆದುಕೊಂಡಳು.

"ತಪ್ಪು ಮಿಷನ್‌ದಲ್ಲ ಸಾರ್, ನಂದು. ಹಾಗಂತ ಬರೆದು ಸೈನ್ ಮಾಡ್ಕೊಡ್ತೀನಿ. ಮೇಸ್ತ್ರಿನ ಕಣಕ್ಕೆ ಕರೀರಿ."

"ಒಬ್ರು ಹೋಗ್ಲೇಬೇಕಾಗ್ತದೆ, ಗೊತ್ತಲ್ಲ?"

"ಗೊತ್ತು."

ಬರೆದುಕೊಟ್ಟಳು, ಎರಡು ಪ್ರತಿ. ಒಂದಕ್ಕೆ ಅವರ ಸಹಿ ಮತ್ತು ಸೀಲು ಹಾಕಿಸಿಕೊಂಡು ತಾನಿಟ್ಟುಕೊಂಡಳು. ಕೆಲಸ ಬಿಡುವ ಮುಂಚಿನ ವಾರವೆಲ್ಲ ಕೂತು ಆ ಸ್ಕ್ರಿಪ್ಟಿಗೆ ಮೂರನೆಯ ದಾರಿ ಮಾಡಿದಳು. ಬಂದದ್ದು ಬರೀ ಅಂಕಿಯೇ? ಅಲ್ಲದಿದ್ದರೆ ಕಣವೂ ಅಲ್ಲ, ಗೋದಾಮೂ ಅಲ್ಲ. 'ಮೇಸ್ತ್ರಿಯನ್ನು ಕೇಳಿ' ಎಂದು ಬರೆದು ನಿಲ್ಲು. ಆ ಯಂತ್ರ ಎರಡು ಸಾವಿರದ ಆರರಲ್ಲಿ ಗುಜರಿಗೆ ಹೋಗುವ ತನಕವೂ ಮಳೆ ಬಂದ ದಿನ ಹಾಗೆಯೇ ಬರೆದು ನಿಲ್ಲುತ್ತಿತ್ತು.

ಜೂನ್ ಮೂವತ್ತಕ್ಕೆ ಖಾಲಿಯಾದದ್ದು ಸರೋಜಮ್ಮನ ಮನೆಯಲ್ಲ, ಅದರ ಪಕ್ಕದ್ದು. ಮೂಡಿಗೆರೆಗೆ ಸಾಮಾನು ಒಯ್ಯಲು ಜೀಪು ಬಂದಿತ್ತು. ಅಬ್ದುಲ್ ರಹೀಮ್ ಆಗಲೇ ಅದರ ಚಕ್ರದ ಕೆಳಗೆ ಬಗ್ಗಿದ್ದರು. ಡ್ರೈವರು "ಎಲ್ಲ ಸರಿ ಇದೆ ಸಾಬ್ರೇ" ಎಂದು ಗೋಗರೆಯುತ್ತಿದ್ದ. ಬಸವರಾಜು ಕಣದಿಂದ ಬಂದು ಟ್ರಂಕಿನ ಒಂದು ತುದಿ ಹಿಡಿದ. ಇಸ್ಮತ್ ಇನ್ನೊಂದು ತುದಿ ಹಿಡಿದಳು.

"ಬಸವರಾಜಣ್ಣ, ನಾನು..."

"ಮೆಟ್ಲು ಜಾರ್ತದೆ, ನೋಡ್ಕೊಂಡು ಇಳಿ" ಎಂದ ಅವನು.

ಸರೋಜಮ್ಮ ಉಪ್ಪಿನಕಾಯಿಯ ಶೀಷೆ ತಂದು ಕೊಟ್ಟಳು. ಇಸ್ಮತ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. "ಇದು ಯಾವಾಗ ಹಾಕಿದ್ದು ಸರೋಜಕ್ಕ?"

"ಅಯ್ಯೋ ಇವಳ!" ಸರೋಜಮ್ಮ ಸೆರಗು ಬಾಯಿಗಿಟ್ಟುಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ.

ಬೀಗ ಹಾಕಿ, ಎಳೆದು ನೋಡಿ, ಇಸ್ಮತ್ ಬೀಗದ ಕೈಯನ್ನು ಅವಳ ಅಂಗೈಗೆ ಹಾಕಿದಳು. ಆಫೀಸಿಗೆ ತಲುಪಿಸಬೇಕಾದದ್ದು ಅದು. ಹಿಂದೆಂದೂ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ.

"ಹೋಗು ಮಾರಾಯ್ತಿ, ನಾನು ನೋಡ್ಕೊಳ್ತೀನಿ."

ಇಸ್ಮತ್ ಗೇಟಿನ ತನಕ ಹೋದಳು. ನಿಂತಳು. ತಿರುಗಿ ಬಂದು ಬೀಗವನ್ನು ಇನ್ನೊಮ್ಮೆ ಎಳೆದು ನೋಡಿ, ಸರೋಜಮ್ಮನ ಮುಖ ನೋಡದೆ ನಡೆದುಹೋಗಿ ಜೀಪು ಹತ್ತಿದಳು.