ಬಾಯಿಗೆ ಹೆಪ್ಪು ಹಾಕಿದ ಸೋದರಮಾವ

ನಮ್ಮ ಕಡೆ ಮಗುವಿಗೆ ಕಿವಿ ಚುಚ್ಚಿಸುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು. ನನ್ನ ಮಗಳಿಗೆ ಇರುವುದು ಒಬ್ಬನೇ ಸೋದರಮಾವ, ಹೆಮ್ಮಿಗೆಯಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ತಮ್ಮ. ಆದರೆ ಮೂರು ವರ್ಷದ ಆ ಮಹಾರಾಯಿತಿ ಅವನ ತೊಡೆ ಏರಲು ಒಪ್ಪಬೇಕಲ್ಲ! ತಮ್ಮನ ಕೆಳತುಟಿಯ ಹಿಂದೆ ಹೊಗೆಸೊಪ್ಪಿನ ಉಂಡೆಯೊಂದು ಸದಾ ಮನೆ ಮಾಡಿಕೊಂಡು ಮಲಗಿರುತ್ತಿತ್ತು. ಅವನು ಮುದ್ದಾಡಲು ಬಗ್ಗಿದರೆ ಸಾಕು, ಇವಳು ಲಂಗ ಎತ್ತಿ ಮೂಗಿಗೆ ಹಿಡಿಯುತ್ತಿದ್ದಳು.

"ಮಾವ, ನಿನ್ ಬಾಯಲ್ಲಿ ಇಲಿ ಸತ್ತದೆ."

ಅವತ್ತು ಅವನು ಅರ್ಧ ಊಟಕ್ಕೇ ಎದ್ದುಬಿಟ್ಟ. "ಅಕ್ಕಾ, ಕೂಸು ನನ್ ತೊಡೆ ಮ್ಯಾಲೆ ಕೂರ್ದಿದ್ರೆ ನಾನ್ಯಾತರ ಮಾವ?"

ಕಿವಿ ಚುಚ್ಚಲು ಇನ್ನು ಹತ್ತೇ ದಿನ. ಅವನನ್ನು ಎಳೆದುಕೊಂಡು ಟಿ. ನರಸೀಪುರದ ಹಲ್ಲಿನ ಡಾಕ್ಟರಮ್ಮನ ಬಳಿ ಹೋದೆ. ಆಯಮ್ಮ ಬಾಯಿ ತೆರೆಸಿ, ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡರು.

"ಬಾಯಿ ತುಂಬ ಬ್ಯಾಕ್ಟೀರಿಯಾ ಇರ್ತವೆ ಇವ್ರೇ. ಒಳ್ಳೇವೂ ಇರ್ತವೆ, ಕೆಟ್ಟವೂ ಇರ್ತವೆ. ಹೊಗೆಸೊಪ್ಪು ಇಟ್ಟಷ್ಟೂ ಒಳ್ಳೇವು ಸೊರಗ್ತವೆ, ಕೆಟ್ಟವು ಒಸಡಿನ ಸಂದಿಲಿ ಸಂಸಾರ ಹೂಡ್ತವೆ. ಈ ವಾಸನೆ ಎಲ್ಲಾ ಅವುಗಳದೇ."

"ಒಳ್ಳೇವು ಅಂದ್ರೆ ಎಂಗಿರ್ತವೆ ಮೇಡಮ್ಮೋರೇ?"

"ಮೊಸರಿನ ಹೆಪ್ಪಲ್ಲಿ ಇರೋದೂ ಬ್ಯಾಕ್ಟೀರಿಯಾನೇ. ಆ ಥರದ್ದು ಅಂದ್ಕೊಳ್ಳಿ. ಹಲ್ಲು ಕ್ಲೀನ್ ಮಾಡ್ತೀನಿ, ನೀವು ಸೊಪ್ಪು ಬಿಡಿ, ನಿಧಾನಕ್ಕೆ ಸರಿಹೋಗುತ್ತೆ."

ಆ ಕೊನೆಯ ಮಾತು ನನ್ನ ತಮ್ಮನ ಕಿವಿಗೆ ಬೀಳಲೇ ಇಲ್ಲ. ಅವನು ಹೆಪ್ಪಿನಲ್ಲೇ ನಿಂತುಬಿಟ್ಟಿದ್ದ. ಆಮೇಲೆ ಫೋನಿನಲ್ಲಿ "ಸೊಪ್ಪು ಬಿಟ್ಯೇನೋ?" ಎಂದಾಗಲೆಲ್ಲ, "ಬ್ಯಾರೆ ಏರ್ಪಾಡು ಮಾಡಿವ್ನಿ ಸುಮ್ಕಿರಕ್ಕ" ಎನ್ನುತ್ತಿದ್ದ.

ಕಿವಿ ಚುಚ್ಚುವ ದಿನ ಬೆಳಿಗ್ಗೆ ನಂಜನಗೂಡಿನ ನಮ್ಮ ಮನೆಗೆ ಬಂದವನ ಎರಡೂ ಕೆನ್ನೆ ಪೂರಿಯ ಹಾಗೆ ಉಬ್ಬಿದ್ದವು.

"ಏನ್ಲಾ ಬಾಮೈದ, ಹಲ್ಲುನೋವಾ?" ಎಂದರು ನಮ್ಮ ಯಜಮಾನರು. ತಮ್ಮ ಇಲ್ಲವೆಂದು ತಲೆಯಾಡಿಸಿ, ನನ್ನೆದುರೇ ನಿಂತು ಮೊಬೈಲಿನಲ್ಲಿ ಟಪಟಪ ಒತ್ತಿದ. ನನಗೆ ಮೆಸೇಜು ಬಂತು:

"ಹೆಪ್ಪು ಹಾಕಿವ್ನಿ. ಬೆಚ್ಚಗಿನ ಹಾಲು, ಒಂದ್ ಚಮಚ ಮೊಸರು. ಬಾಯಿ ಅಲ್ಲಾಡಿದ್ರೆ ಒಡೆದೋಯ್ತದೆ, ಮಾತಾಡುಸ್ಬ್ಯಾಡ."

"ಸೊಪ್ಪು?" ಎಂದೆ. ಮತ್ತೆ ಒತ್ತಿದ:

"ಬೆಳಿಗ್ಗೆ ಒಂದೇ ಒಂದ್ಸಲ. ಒಳ್ಳೇವು ನೋಡ್ಕತವೆ ಬುಡು."

ಎರಡು ಬಸ್ಸು ಹತ್ತಿ ಇಳಿದದ್ದೂ ಹೀಗೆಯೇ! ಕಂಡಕ್ಟರ್ "ಎಲ್ಲಿಗೆ?" ಎಂದಾಗ ದೇವರಿಗೆ ಕೈ ಮುಗಿದು ತೋರಿಸಿ ನಂಜನಗೂಡಿನ ಟಿಕೆಟ್ ಪಡೆದನಂತೆ.

ಮಗಳಿಗೆ ಉಬ್ಬಿದ ಕೆನ್ನೆ ವಿಚಿತ್ರವಾಗಿ ಕಂಡಿತು. ಹತ್ತಿರ ಬಂದಳು. ಬಾಯಿ ಮುಚ್ಚಿದ್ದರಿಂದ ವಾಸನೆಯಿಲ್ಲ. ಬೆರಳಿನಿಂದ ಒಂದು ಕೆನ್ನೆ ಚುಚ್ಚಿದಳು. ತಮ್ಮ ತಡೆದುಕೊಂಡ. ಇನ್ನೊಂದನ್ನೂ ಚುಚ್ಚಿದಳು. ಅಷ್ಟೇ, ಹಾಲು ಮೊಸರು ಎಲ್ಲ ಬುರ್ರನೆ ಚಿಮ್ಮಿ, ಕಿವಿ ಚುಚ್ಚಲು ಬಂದು ಎದುರಿಗೆ ಚಿನ್ನದ ತಂತಿ ಒರೆಸುತ್ತ ಕೂತಿದ್ದ ಅಕ್ಕಸಾಲಿಯ ಅಂಗಿಗೆ ಬಿತ್ತು.

"ನಂಗ್ಯಾಕ್ರಪ್ಪ ಅಭಿಷೇಕ? ನಾನೇನ್ ತಪ್ಪು ಮಾಡ್ದೆ?"

ಹಾಲಿನ ಜೊತೆಗೆ ಹೊಗೆಸೊಪ್ಪಿನ ವಾಸನೆಯೂ ಮನೆಯನ್ನೆಲ್ಲ ತುಂಬಿತು. "ಇಲಿ ಬಂತೂ!" ಎಂದು ಮಗಳು ಅಡುಗೆಮನೆಗೆ ಓಡಿದಳು.

ತಮ್ಮನ ಕಣ್ಣಲ್ಲಿ ನೀರಾಡಿತು. ಜೇಬಿನಿಂದ ಸೊಪ್ಪಿನ ಪೊಟ್ಟಣ ತೆಗೆದು ಹಿತ್ತಿಲ ಸಗಣಿಗುಂಡಿಗೆ ಎಸೆದ. ಬಚ್ಚಲಿಗೆ ಹೋಗಿ ಉಪ್ಪು ಹಾಕಿ ಹಲ್ಲು ತಿಕ್ಕಿದ, ಚೊಂಬಿನ ಮೇಲೆ ಚೊಂಬು ನೀರು ಮುಕ್ಕಳಿಸಿದ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ದೂರವೇ ನಿಂತು ಕೇಳಿದ:

"ಕೂಸೇ, ಇನ್ನೊಂದ್ಸಲ ಬುರ್ರ್ ಅನ್ನುಸ್ಲಾ?"

ಅವಳು ಯೋಚಿಸಿದಳು. "ದೊಡ್ಡದು ಮಾಡ್ತೀಯಾ?"

"ಮನೆಯಷ್ಟು ದೊಡ್ಡದು!"

ಈ ಸಲ ಬರೀ ನೀರು ತುಂಬಿಕೊಂಡು ಕೂತ. ಚುಚ್ಚುವ ಆಸೆಗೆ ಅವಳು ತಾನಾಗಿಯೇ ತೊಡೆ ಹತ್ತಿದಳು. ಅದೇ ಸಮಯವೆಂದು ಅಕ್ಕಸಾಲಿ ಬಲಗಿವಿ ಚುಚ್ಚಿಯೇಬಿಟ್ಟ. ಅವಳು ಕಿರುಚಿ ಎರಡೂ ಕೈಯಿಂದ ಮಾವನ ಕೆನ್ನೆಗೆ ಬಾರಿಸಿದಳು. ನೀರು ಮತ್ತೆ ಅಕ್ಕಸಾಲಿಯ ಮುಖಕ್ಕೇ.

"ಇನ್ನೂ ಎಡಗಿವಿ ಬಾಕಿ ಅದೆ," ಎಂದ ಆತ ಮೀಸೆ ಹಿಂಡಿಕೊಳ್ಳುತ್ತ. "ಯಾರಾದ್ರೂ ನಂಗೊಂದು ಟವಲ್ ಕೊಡಿ ಕಣ್ರವ್ವ."

ಮಗಳು ಬಿಕ್ಕುತ್ತ ಮಾವನ ಕುತ್ತಿಗೆಗೆ ಮುಖ ಹುದುಗಿಸಿದಳು. ತಮ್ಮ ಅಲ್ಲಾಡಲಿಲ್ಲ. ಎಲ್ಲಿ ವಾಸನೆ ಬಡಿದು ಇಳಿದುಬಿಡುತ್ತಾಳೋ ಎಂದು, ಎಡಗಿವಿ ಮುಗಿಯುವವರೆಗೂ ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡು ಉಸಿರು ಬಿಗಿಹಿಡಿದು ಕೂತಿದ್ದ.