ಕಾಗದದಕ್ಕ ನಮ್ಮ ಮನೆಗೆ ಬರಲಿ

ಸರಕು ಹಡಗುಗಳ ಉದ್ಯಮದಲ್ಲಿ ಹೆಸರು ಮಾಡುವವರು ಸಾಮಾನ್ಯವಾಗಿ ಕ್ಯಾಪ್ಟನ್ನರು, ಎಂಜಿನಿಯರುಗಳು, ತಪ್ಪಿದರೆ ಬಂದರಿನ ಅಧಿಕಾರಿಗಳು. ಹಡಗು ಹತ್ತಿದವರ ಕ್ಷೇಮಸಮಾಚಾರವನ್ನು ಅವರ ಮನೆಯವರಿಗೆ ಮುಟ್ಟಿಸುವ ವಿಭಾಗವೊಂದು ಇರುತ್ತದೆ ಎಂಬುದೇ ಹೊರಗಿನವರಿಗೆ ತಿಳಿಯದು. ಕಂಪನಿಯ ಮೂಲೆಯ ಕೋಣೆಯಲ್ಲಿ ಧೂಳು ತಿನ್ನುತ್ತಿದ್ದ ಅಂಥದೊಂದು ವಿಭಾಗವನ್ನು ನೂರಾರು ಸಂಸಾರಗಳು ಉಸಿರು ಬಿಗಿಹಿಡಿದು ಕಾಯುವ ಜಾಗವನ್ನಾಗಿ ಮಾಡಿದವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಸಹೋದ್ಯೋಗಿ. ಕಡತಗಳಲ್ಲಿ ಅವರ ಹುದ್ದೆ ಸಂಪರ್ಕಾಧಿಕಾರಿ. ನಮ್ಮೆಲ್ಲರ ಬಾಯಲ್ಲಿ ಅವರು ಕಾಗದದಕ್ಕ. ಅವರನ್ನು ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ ನನ್ನ ಪಾಲಿಗೆ ಬಂದದ್ದಕ್ಕೆ ಸಂಪಾದಕ ಮಂಡಳಿಗೆ ಋಣಿ. ಆದರೆ ಹಾರ ತುರಾಯಿಗಳಿಗೆ ಮೊದಲು ಒಂದು ಮಾತು ಹೇಳದೆ ವಿಧಿಯಿಲ್ಲ: ನನಗೆ ಅಕ್ಕನನ್ನು ಕಂಡರೆ ಭಯ. ಅಭಿನಂದನ ಗ್ರಂಥದಲ್ಲಿ ಹೀಗೆಲ್ಲ ಬರೆಯಬಾರದೆಂದು ಗೊತ್ತು. ಏನು ಮಾಡಲಿ, ಅವರ ಅಕ್ಷರವನ್ನು ಕಣ್ಣಿಗೊತ್ತಿಕೊಂಡ ಮನೆಗಳೆಲ್ಲ ಅವರ ಮುಖ ಕಂಡರೆ ನಡುಗುವ ಮನೆಗಳೇ. ಇದನ್ನು ಬಿಟ್ಟು ಅವರ ಸೇವೆಯನ್ನು ವರ್ಣಿಸಲು ನನಗೆ ಬಾರದು.

ಇದಕ್ಕೆ ಕಾರಣ ಅವರೇ ಹಾಕಿಕೊಂಡ ಪದ್ಧತಿ. ವಾರಕ್ಕೊಮ್ಮೆ ಪ್ರತಿ ಹಡಗಿನಿಂದ ಕಚೇರಿಗೆ ರೇಡಿಯೋ ಸಂದೇಶ ಬರುತ್ತಿತ್ತು. ಅದು ಕೈಗೆ ಬಂದ ಮೇಲಷ್ಟೇ ಅಕ್ಕ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಅಲ್ಲಿಯವರೆಗೆ ಯಾರು ಎಷ್ಟೇ ಗೋಗರೆದರೂ ‘ಕ್ಷೇಮ’ ಎಂಬ ಎರಡಕ್ಷರ ಅವರ ಕೈಯಿಂದ ಇಳಿಯುತ್ತಿರಲಿಲ್ಲ. ಆಮೇಲೆ ಪ್ರತಿ ಮನೆಗೂ ನೀಲಿ ಶಾಯಿಯ, ದುಂಡನೆಯ ಅಕ್ಷರಗಳ, ಸ್ವಹಸ್ತದ ಕಾಗದ. ಕೆಟ್ಟ ಸುದ್ದಿಯಿದ್ದರೆ ಮಾತ್ರ ಬರೆಯುತ್ತಿರಲಿಲ್ಲ. ಕಪ್ಪು ಚೀಲ ಹೆಗಲಿಗೇರಿಸಿ ತಾವೇ ಹೊರಡುತ್ತಿದ್ದರು. “ಅಂಥ ಸುದ್ದೀನ ಕಾಗದದ ಕೈಗೆ ಕೊಟ್ಟು ಕಳಿಸಬಾರದು ಕಣಮ್ಮ. ಅದನ್ನ ಓದೋವಾಗ ಪಕ್ಕದಲ್ಲಿ ಯಾರಾದ್ರೂ ಇರ್ತಾರೋ ಇಲ್ವೋ, ಯಾರಿಗ್ಗೊತ್ತು?” ಎಂದು ಮುಂದೊಮ್ಮೆ ನನಗೆ ಹೇಳಿದ್ದರು. ಕಾಗದ ಬಂದರೆ ಮನೆಯವರು ಬದುಕಿದ್ದಾರೆ, ಅಕ್ಕ ಬಂದರೆ ಇಲ್ಲ: ಹಡಗಿನವರ ಮನೆಗಳಲ್ಲಿ ಮಕ್ಕಳಿಗೂ ಇಷ್ಟು ತಿಳಿದಿತ್ತು.

ನನಗೂ ತಿಳಿದಿತ್ತು. ನನ್ನ ತಂದೆ ಹಡಗಿನ ಅಡುಗೆಯವರು. ನಾವಿದ್ದದ್ದು ಕಂಪನಿಯ ವಸತಿಗೃಹದ ಮೇಲಿನ ಮಹಡಿಯಲ್ಲಿ. ಒಂದು ಬೆಳಗ್ಗೆ ಕೆಳಗಡೆ ಯಾರೋ “ಅಕ್ಕ ಬಂದ್ರು” ಎಂದದ್ದು ಕೇಳಿಸಿತು. ಅಷ್ಟೇ, ಇಡೀ ಕಟ್ಟಡದಲ್ಲಿ ನಲ್ಲಿಗಳು ನಿಂತವು, ರೇಡಿಯೋಗಳು ನಿಂತವು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಏರಿಬರುತ್ತಿತ್ತು. ಅಮ್ಮ ಒದ್ದೆ ಕೈಯಲ್ಲೇ ನನ್ನನ್ನು ತಬ್ಬಿಕೊಂಡು ಬಾಗಿಲ ಹಿಂದೆ ನಿಂತರು. ಅವರ ಎದೆಬಡಿತ ನನ್ನ ಕಿವಿಗೆ ನೇರವಾಗಿ ಬಡಿಯುತ್ತಿತ್ತು. ಸದ್ದು ನಮ್ಮ ಮಹಡಿಗೆ ಬಂತು. ನಮ್ಮ ಬಾಗಿಲ ಮುಂದೆ ಒಂದು ಕ್ಷಣ ನಿಂತಿತು. ಅಮ್ಮನ ಉಗುರು ನನ್ನ ತೋಳಿಗೆ ನಾಟಿತು. ಆಮೇಲೆ ಅದು ಮುಂದೆ ಸಾಗಿ ಪಕ್ಕದ ಮನೆಯ ಬಾಗಿಲನ್ನು ಮೆಲ್ಲಗೆ ತಟ್ಟಿತು. ಅಮ್ಮ ಅಲ್ಲೇ ನೆಲಕ್ಕೆ ಕುಸಿದು “ಸದ್ಯ” ಎಂದರು, ಎಂದದ್ದೇ ಬಾಯಿಗೆ ಸೆರಗು ತುರುಕಿಕೊಂಡು ಅತ್ತರು. ಅದೇ ವಾರ ನಮ್ಮ ಮನೆಗೆ ಬಂದ ಕಾಗದದಲ್ಲಿ, ಅಲೆಗೆ ಉಪ್ಪಿನ ಡಬ್ಬಿ ಉರುಳಿಹೋಗಿ ಇಡೀ ಹಡಗು ಒಂದು ಹೊತ್ತು ಸಪ್ಪೆ ಊಟ ಮಾಡಿತೆಂದೂ, ತಪ್ಪಿತಸ್ಥ ಅಡುಗೆಯವರು ಕ್ಷೇಮವೆಂದೂ ಇತ್ತು. ಅಮ್ಮ ಅದನ್ನು ಓದಿ ನಕ್ಕರು. ಪಕ್ಕದ ಮನೆಯಲ್ಲಿ ಕೇಳಿಸೀತೆಂದು ಅಡುಗೆಮನೆಗೆ ಹೋಗಿ ನಕ್ಕರು.

ಮುಂದೆ ವಿದ್ಯಾಭ್ಯಾಸ ಮುಗಿಸಿ ಅದೇ ವಿಭಾಗದಲ್ಲಿ ಕೆಲಸಕ್ಕೆ ಸೇರಿದ ನಾನು, ಅಕ್ಕನ ಎದುರಿನ ಮೇಜಿಗೇ ಬಂದು ಬಿದ್ದೆ. ಮೊದಲೇ ಪುಕ್ಕಲು, ಅವರು ಕುರ್ಚಿ ಸರಿಸಿದರೂ ಬೆಚ್ಚುತ್ತಿದ್ದೆ. ಅವರೇ ನಕ್ಕು, “ಹೆದರ್ಬೇಡ, ನಿಮ್ಮಪ್ಪ ನಿವೃತ್ತಿಯಾಗಿ ಮನೇಲಿ ಪೇಪರ್ ಓದ್ತಿದ್ದಾರೆ” ಎಂದು ಸಮಾಧಾನ ಮಾಡುತ್ತಿದ್ದರು. ಆ ನಗುವಿನ ಹಿಂದೆ ಇದ್ದದ್ದು ನನಗೆ ಅರ್ಥವಾದದ್ದು ನಿಧಾನವಾಗಿ. ಹಿಂದೊಮ್ಮೆ ಅವರು ನಾವಿಕನೊಬ್ಬನ ಮಗಳ ಹುಟ್ಟುಹಬ್ಬಕ್ಕೆ ಗೊಂಬೆಯೊಂದನ್ನು ಹಿಡಿದು, ಹೇಳದೆ ಕೇಳದೆ ಹೋಗಿದ್ದರಂತೆ. ಬಾಗಿಲು ತೆಗೆದ ತಾಯಿಯ ಕೈಯಿಂದ ತಟ್ಟೆ ಜಾರಿ ಚೂರಾಯಿತು, ಆಕೆ ಗೋಡೆಗೆ ಒರಗಿದವರು ಹಾಗೇ ಕೆಳಕ್ಕೆ ಜಾರಿದರು. ಅಕ್ಕ “ಏನಿಲ್ಲ, ಏನಿಲ್ಲ, ಊಟಕ್ಕೆ ಬಂದೆ” ಎನ್ನುತ್ತಲೇ ಇದ್ದರೂ ಒಳಗಿದ್ದ ಯಾರೂ ನಂಬಲಿಲ್ಲ. ಅಂದಿನಿಂದ ಅವರು ಯಾರ ಮನೆಯ ಶುಭಕಾರ್ಯಕ್ಕೂ ಹೋಗಲಿಲ್ಲ. ಪೇಟೆಯಲ್ಲಿ ಹಡಗಿನವರ ಮನೆಯವರು ಎದುರಾದರೆ ದೂರದಿಂದಲೇ ಅಂಗೈ ಎತ್ತಿ ‘ಏನಿಲ್ಲ’ ಎಂದು ಆಡಿಸಿ, ರಸ್ತೆಯ ಆಚೆ ಬದಿಗೆ ಸರಿದುಬಿಡುತ್ತಿದ್ದರು. ಹಡಗಿನ ಎಂಜಿನಿಯರೊಬ್ಬರೊಂದಿಗೆ ನನ್ನ ಮದುವೆಯಾದಾಗಲೂ ಅವರು ಬರಲಿಲ್ಲ, ಅವರ ಕಾಗದ ಬಂತು. ನಮ್ಮತ್ತೆ ಅದನ್ನು ಉಳಿದೆಲ್ಲ ಉಡುಗೊರೆಗಳ ಮೇಲಿಟ್ಟರು.

ಇಂಥ ಕಚೇರಿಗೆ ಇಮೇಲ್ ಬಂತು. ಬಂದದ್ದು ಕೆಟ್ಟದ್ದಾಯಿತೆಂದರೆ ನನ್ನ ನಾಲಿಗೆ ಬಿದ್ದುಹೋದೀತು. ನಡುಸಮುದ್ರದಲ್ಲಿರುವ ಗಂಡನ ಮಾತು ಅಂದಂದೇ ಕೈಗೆ ಸಿಗುವ ಸುಖ ಸಣ್ಣದಲ್ಲ; ನಾವಿಬ್ಬರು ಜಗಳವನ್ನೂ ಇಮೇಲಿನಲ್ಲೇ ಆಡಿದ್ದೇವೆ. ಕಾಗದದಲ್ಲಾದರೆ ಉತ್ತರ ಬರುವಷ್ಟರಲ್ಲಿ ಸಿಟ್ಟೇ ಇಳಿದುಹೋಗಿ ಜಗಳದ ರುಚಿ ಕೆಡುತ್ತದೆ. ತೊಂದರೆಯಾದದ್ದು, ಹೊಸದಾಗಿ ಬಂದ ವ್ಯವಸ್ಥಾಪಕರು ಅಕ್ಕನ ಕಾಗದಗಳನ್ನು ನಿಲ್ಲಿಸಿ, ಎಲ್ಲ ಮನೆಗಳಿಗೂ ವಾರವಾರ ಕಂಪ್ಯೂಟರೇ ಕ್ಷೇಮಸಮಾಚಾರ ಕಳಿಸುವಂತೆ ಏರ್ಪಾಡು ಮಾಡಿದಾಗ. ಮೊದಲ ವಾರ “ತಮಗೆ ಈ ಮೂಲಕ ತಿಳಿಸುವುದೇನೆಂದರೆ” ಎಂದು ಶುರುವಾಗುವ ಅಚ್ಚಿನ ಅಕ್ಷರಗಳು ಮನೆಮನೆಗೆ ಹೋದವು. ಮುಂದಿನ ಸಾಲಿನಲ್ಲಿ ಕ್ಷೇಮವೆಂದೇ ಇತ್ತು. ಅಲ್ಲಿಯವರೆಗೆ ಓದುವ ಧೈರ್ಯ ಯಾರಿಗಿತ್ತು? ಕಚೇರಿಯ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಂಡವು. “ಅಕ್ಕ ಯಾಕೆ ಬರೀಲಿಲ್ಲ? ಮುಚ್ಚಿಡ್ಬೇಡಿ, ಏನಿದ್ರೂ ಹೇಳ್ಬಿಡಿ” ಎಂಬುದೇ ಎಲ್ಲರ ಮಾತು. ನಾವಿಕನೊಬ್ಬನ ತಾಯಿ ನೆಂಟರಿಷ್ಟರ ಸಮೇತ ಕಚೇರಿಯ ಮುಂದೆ ಬಂದು ಗೋಳೋ ಎಂದು ಅಳತೊಡಗಿದರು. ಅಕ್ಕ ಎದ್ದರು, ಬಾಗಿಲವರೆಗೆ ಹೋದರು, ನಿಂತರು.

“ನಾನು ಹೊರಗೆ ಹೋದ್ರೆ ಆ ತಾಯಿ ಅಲ್ಲೇ ಬಿದ್ದುಹೋಗ್ತಾಳೆ. ನೀನು ಹೋಗಮ್ಮ” ಎಂದರು.

ನಾನು ಹೋದೆ. ಮಗ ಆರಾಮವಾಗಿದ್ದಾನೆಂದು ಆಕೆಯನ್ನು ನಂಬಿಸುವಷ್ಟರಲ್ಲಿ ಸಾಕುಬೇಕಾಯಿತು. ಹಿಂತಿರುಗಿದಾಗ ಅಕ್ಕ ಕಿಟಕಿಯ ಪಕ್ಕಕ್ಕೆ ಸರಿದು, ಹೊರಗಿನವರಿಗೆ ಕಾಣದಂತೆ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಅಂದಿನಿಂದ ಇಮೇಲ್ ತನ್ನಷ್ಟಕ್ಕೆ ಹೋಗುತ್ತಿತ್ತು, ಕಚೇರಿ ಮುಗಿದ ಮೇಲೆ ಕೂತು ಬರೆದ ಅಕ್ಕನ ಕಾಗದಗಳು ಅದರ ಹಿಂದೆ ಹೋಗುತ್ತಿದ್ದವು.

ಈಗ ನನ್ನ ಪಾಲಿನ ಕಥೆ. ಅದೊಂದು ಚಳಿಗಾಲದಲ್ಲಿ ನನ್ನ ಯಜಮಾನರ ಹಡಗು ಬಿರುಗಾಳಿಯ ದಾರಿಯಲ್ಲಿತ್ತು. ಇದ್ದಕ್ಕಿದ್ದಂತೆ ಮಾತು ನಿಂತುಹೋಯಿತು. ಅವರಿಂದ ಇಮೇಲ್ ಇಲ್ಲ, ಹಡಗಿನಿಂದ ಸಂದೇಶವಿಲ್ಲ. ಮನೆಗೆ ಹೋದರೆ ಅತ್ತೆ ಫೋನು ಹಿಡಿದು ಬಾಗಿಲಲ್ಲೇ ನಿಂತಿದ್ದರು. “ನೋಡೇ, ಕಂಪನಿಯಿಂದ ಬಂದಿದೆ, ಎಲ್ಲ ಕ್ಷೇಮ ಅಂತೆ! ನೀನ್ಯಾಕೆ ಮುಖ ಹೀಗೆ ಮಾಡ್ಕೊಂಡಿದ್ದೀಯ?” ಎಂದರು. ಆ ಇಮೇಲು ಹಡಗಿದ್ದರೂ ಮುಳುಗಿದ್ದರೂ ವಾರಕ್ಕೊಮ್ಮೆ ತಾನಾಗಿ ಹೊರಡುತ್ತದೆಂದು ಅವರಿಗೆ ಹೇಗೆ ಹೇಳಲಿ? “ತಲೆನೋವು ಅತ್ತೆ” ಎಂದು ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿ ಕೂತೆ.

ಕಚೇರಿಯಲ್ಲಿ ನನ್ನ ಕಣ್ಣು ಒಂದೇ ಕಡೆ: ಎದುರಿನ ಮೇಜಿನ ಮೇಲೆ ಮುಚ್ಚಳ ಹಾಕಿದ್ದ ಆ ಪೆನ್ನು. ಅಕ್ಕ ನನ್ನೊಡನೆ ಮಾತಾಡಲಿಲ್ಲ. ಕಡತ ಬೇಕಾದರೆ ನನ್ನ ಮೇಜಿನ ಪಕ್ಕದ ಹತ್ತಿರದ ದಾರಿ ಬಿಟ್ಟು, ಇಡೀ ಕೋಣೆಯನ್ನು ಸುತ್ತಿ ಕಪಾಟಿನ ಬಳಿ ಹೋಗುತ್ತಿದ್ದರು. ಅವರಿಗೆ ಏನೋ ತಿಳಿದಿದೆ, ನನ್ನಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ಆಮೇಲೆ, ಅವರು ಮೂರನೆಯ ಸಲವೋ ನಾಲ್ಕನೆಯ ಸಲವೋ ಹಾಗೆ ಸುತ್ತಿಹೋಗುವುದನ್ನು ಕಂಡಾಗ ಹೊಳೆಯಿತು. ಅವರು ನನ್ನತ್ತ ಒಂದು ಹೆಜ್ಜೆ ಇಟ್ಟರೂ ನಾನು ಸತ್ತೇಹೋಗುವೆನೆಂದು ಅವರಿಗೆ ಗೊತ್ತಿತ್ತು. ಅಷ್ಟು ದಿನವೂ ಆ ಹಿರಿಯ ಜೀವ, ನೋಯುವ ಮಂಡಿ ಎಳೆದುಕೊಂಡು, ನನಗೆ ಭಯವಾಗದಿರಲೆಂದು ಕೋಣೆ ಸುತ್ತುತ್ತಿತ್ತು.

ಒಂದು ಮಧ್ಯಾಹ್ನ ಅವರ ಫೋನು ಮೊಳಗಿತು. ಎತ್ತಿಕೊಂಡು ಕೇಳಿದರು, “ಇನ್ನೊಂದ್ಸಲ ಹೇಳಿ” ಎಂದರು, ಇಟ್ಟರು. ನಾನು ಮೇಜಿನ ಅಂಚು ಹಿಡಿದುಕೊಂಡೆ. ಅವರು ಏಳುವರೋ, ಕಪ್ಪು ಚೀಲದತ್ತ ಕೈ ಚಾಚುವರೋ ಎಂದು ನೋಡಿದೆ. ಅವರು ಏಳಲಿಲ್ಲ. ಕಾಗದ ಎಳೆದುಕೊಂಡು, ನನಗೆ ಚೆನ್ನಾಗಿ ಕಾಣುವಂತೆ ಕೈ ಮೇಲೆತ್ತಿ, ಪೆನ್ನಿನ ಮುಚ್ಚಳ ತೆಗೆದರು. ಅವರು ಬರೆದು ಮುಗಿಸಿ, ಮಡಿಸಿ, ಲಕೋಟೆಗೆ ಹಾಕಿ, ವಿಳಾಸ ಬರೆದು, ಕಚೇರಿಯ ಅಟೆಂಡರನ ಕೈಯಲ್ಲಿ ಎದುರಿಗಿದ್ದ ನನ್ನ ಮೇಜಿಗೆ ಕಳಿಸಿಕೊಟ್ಟರು. “ನಿಮ್ಮ ಯಜಮಾನರು ಕ್ಷೇಮ. ಗಾಳಿಗೆ ಆಂಟೆನಾ ಮುರಿದಿತ್ತು. ಎಡಗೈಗೆ ಪೆಟ್ಟಾಗಿದೆ, ಮೂಳೆ ಮುರಿದಿಲ್ಲ. ಅಳುವುದಿದ್ದರೆ ಈಗ ಅಳಬಹುದು, ನಾನು ಆ ಕಡೆ ನೋಡುವುದಿಲ್ಲ” ಎಂದಿತ್ತು. ನಾನು ಅತ್ತು ಮುಗಿಸುವವರೆಗೆ ಅವರು ಗೋಡೆಯ ಕ್ಯಾಲೆಂಡರನ್ನೇ ಓದುತ್ತಿದ್ದರು.

ಕಳೆದ ವಾರ ಕಚೇರಿಯಲ್ಲಿ ಅವರಿಗೊಂದು ಚಹಾಕೂಟ ಏರ್ಪಡಿಸಿದ್ದೆವು. ಹಡಗಿನವರ ಮನೆಯ ಹೆಂಗಸರೆಲ್ಲ ಬಂದಿದ್ದರು, ಕಚೇರಿಯಲ್ಲಾದ್ದರಿಂದ ಬಂದಿದ್ದರು. ಇನ್ನು ಮುಂದೆ ಏನು ಮಾಡುವಿರೆಂದು ಯಾರೋ ಕೇಳಿದರು. ಅಕ್ಕ ಲೋಟ ಕೆಳಗಿಟ್ಟು, “ಏನಿಲ್ಲಪ್ಪ. ಯಾರಾದ್ರೂ ಕರೆದ್ರೆ ಅವರ ಮನೆಗೆ ಹೋಗಿ, ಸುಮ್ಮನೆ ಕೂತು ಮಾತಾಡ್ಕೊಂಡು ಬರ್ಬೇಕು ಅಂತ ಆಸೆ” ಎಂದರು. ‘ನಮ್ಮ ಮನೆಗೆ ಬನ್ನಿ’ ಎಂದು ಒಬ್ಬರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಅಕ್ಕ ಎಂದಿನಂತೆ ಅಂಗೈ ಎತ್ತಿ ‘ಏನಿಲ್ಲ’ ಎಂದು ಆಡಿಸಿ ನಕ್ಕರು.

ಮನೆಗೆ ಬಂದು ಅತ್ತೆಗೆ ಹೇಳಿದೆ.

“ಕರೀಬೇಕಿತ್ತು ಕಣೇ” ಎಂದರು.

“ನಿಮ್ಮ ಮಗ ಹಡಗಲ್ಲಿದ್ದಾರೆ ಅತ್ತೆ. ಅವರು ಬಂದು ಬೆಲ್ ಮಾಡಿದ್ರೆ ನಿಮಗೆ ಭಯ ಆಗಲ್ವಾ?”

“ಆಗತ್ತೆ. ಆದ್ರೂ ಕರಿ.”

ಈ ಲೇಖನವನ್ನು ಇಮೇಲಿನಲ್ಲಿ ಕಳಿಸಬೇಕೆಂದು ಸಂಪಾದಕರ ಅಪ್ಪಣೆಯಾಗಿತ್ತು, ಹಾಗೇ ಕಳಿಸಿದ್ದೇನೆ. ಅದಕ್ಕೆ ಮೊದಲು ಇದನ್ನೇ ನನ್ನ ಕಾಗೆಕಾಲಿನ ಅಕ್ಷರದಲ್ಲಿ ಬರೆದು, ಅಂಚೆಚೀಟಿ ಹಚ್ಚಿ ಅಕ್ಕನ ವಿಳಾಸಕ್ಕೆ ಹಾಕಿದ್ದೇನೆ. ಅವರ ಆಯುಸ್ಸು ಹೆಚ್ಚಲಿ, ಮಂಡಿಯ ನೋವು ಇಳಿಯಲಿ, ಆ ಪೆನ್ನಿನ ಶಾಯಿ ಆರದಿರಲಿ, ಕಪ್ಪು ಚೀಲ ಇನ್ನು ತರಕಾರಿಗೆ ಮಾತ್ರ ಹೊರಡಲಿ ಎಂಬುದು ನಮ್ಮೆಲ್ಲರ ಹಾರೈಕೆ. ಇನ್ನೊಂದು ನನ್ನದೇ ಬೇಡಿಕೆ. ಅಕ್ಕಾ, ನಮ್ಮ ಮನೆಗೆ ಬನ್ನಿ. ಯಜಮಾನರು ರಜೆಗೆ ಬಂದ ಮೇಲೆ ಕರೆಯುವುದು ಯಾವ ದೊಡ್ಡ ಮಾತು; ಅವರು ಹಡಗಿನಲ್ಲಿರುವಾಗಲೇ ಬನ್ನಿ. ಮುಂಚಿತವಾಗಿ ಕಾಗದವನ್ನೂ ಬರೆಯಬೇಡಿ, ನೆಂಟರ ಹಾಗೆ ಸುಮ್ಮನೆ ಬನ್ನಿ. ಬೆಲ್ ಮಾಡಿದ ಮೇಲೆ ಬಾಗಿಲು ತೆಗೆಯುವುದು ಸ್ವಲ್ಪ ತಡವಾದರೆ, ನಾವು ಅತ್ತೆ ಸೊಸೆ ಒಳಗೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಿಂತಿದ್ದೇವೆಂದು ತಿಳಿಯಿರಿ. ದಯವಿಟ್ಟು ಹಿಂತಿರುಗಿ ಹೋಗಬೇಡಿ. ತೆಗೆಯುತ್ತೇವೆ.