ಹುಲುಗಪ್ಪನ ಗಾಡಿ, ಗುಡ್ಡದ ದೇವರು

ರಾಯದುರ್ಗದಲ್ಲಿ ಹುಲುಗಪ್ಪನ ಗಾಡಿಗೆ ಹುಚ್ಚರ ಗಾಡಿ ಎಂದೇ ಹೆಸರು. ಮದರಾಸು ಸರ್ಕಾರದ ಕಾಲ. ಮಡಕಶಿರಾ ಕಡೆಗೆ ಬಸ್ಸಿನ್ನೂ ಬಂದಿರಲಿಲ್ಲ. ತಲೆ ಕೆಟ್ಟವರನ್ನು ಅಮರಾಪುರದಾಚೆಯ ಗುಡ್ಡದ ಗುಡಿಗೆ ಮುಟ್ಟಿಸುವುದು ಅವನ ಕಸುಬು. ಅಲ್ಲಿ ಅವರನ್ನು ಕಂಬಕ್ಕೆ ಸರಪಳಿ ಹಾಕಿ ಬಿಟ್ಟುಬರಬೇಕು. ದೇವರು ಪೂಜಾರಿಯ ಕನಸಿನಲ್ಲಿ ಬಂದು ಅಪ್ಪಣೆ ಕೊಡುವ ತನಕ ಮನೆಯವರು ಮುಖ ತೋರಿಸುವಂತಿಲ್ಲ.

ಮನೆಯಲ್ಲಿ ಹಾರಾಡಿ ಹಗ್ಗ ಹರಿದವರೂ ಗಾಡಿ ಹತ್ತಿ ನಾಲ್ಕು ಊರು ದಾಟಿದರೆ ತಣ್ಣಗಾಗುತ್ತಿದ್ದರು. "ದೇವರ ಸೀಮಿ ಮುಟ್ಟಿತ್ರಿ, ದೆವ್ವಕ್ಕ ನಡುಕ ಹತ್ತೈತಿ," ಎಂದು ಹುಲುಗಪ್ಪ ಮೀಸೆ ತಿರುವುತ್ತಿದ್ದ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಕಾಗೆಗೇ ಪೂಜೆ ಮಾಡುವ ಜನ ನಾವು. ಅವನ ಮಾತು ಊರೂರಿಗೆ ಹಬ್ಬಿತು.

ಮಗು ತೀರಿಹೋದ ವರ್ಷ ಅವನ ಹೆಂಡತಿ ಹಂಪಕ್ಕನಿಗೇ ತಲೆ ಕೆಟ್ಟಿತು. ಖಾಲಿ ತೊಟ್ಟಿಲು ತೂಗುತ್ತಾಳೆ, ತಡೆದವರನ್ನು ಕಚ್ಚುತ್ತಾಳೆ. ಅವಳ ಅಣ್ಣ ಬೊಮ್ಮಣ್ಣ ಮುಂದೆ ನಿಂತು ಗಾಡಿ ಹೂಡಿಸಿದ. ದಾರಿಯಲ್ಲಿ ಹಂಪಕ್ಕ ತಾನೇ ಜಡೆ ಹಾಕಿಕೊಂಡಳು. ರಾಗಿ ಹೊಲ ಕಂಡು, "ಈ ಸಲ ಬೆಳಿ ಚಲೋ ಬಂದೈತಲ್ರಿ," ಎಂದಳು. ಎಷ್ಟೋ ತಿಂಗಳ ಮೇಲೆ ಕೇಳಿದ ಸರಿಯಾದ ಮಾತು. ಹುಲುಗಪ್ಪನಿಗೆ ಅಳುವೇ ಬಂತು.

"ಹೊಳ್ಳಿ ಮನಿಗೆ ಹೋಗೂಣೇನ್ರಿ, ಭಾವ?"

"ನೀನ ಹೇಳ್ತಿದ್ದೆಲ್ಲೋ ಹುಲುಗಪ್ಪ, ದೇವರ ಸೀಮಿ ಅಂತ! ದೇವರು ಕೈ ಹಿಡದಾನ. ಈಗ ಹೊಳ್ಳಿದ್ರ ಬಿಟ್ಟಾನೇನು?" ಎಂದ ಬೊಮ್ಮಣ್ಣ.

ತಾನೇ ತೋಡಿದ ಹಳ್ಳ. ಹುಲುಗಪ್ಪ ಎತ್ತು ಹೊಡೆದ, ಹೆಂಡತಿಯನ್ನು ಕಂಬಕ್ಕೆ ಕಟ್ಟಿಸಿ ಬಂದ.

ಮಳೆಗಾಲ ಕಳೆಯಿತು, ಅಪ್ಪಣೆ ಬರಲಿಲ್ಲ. ಆಗ ಪಾಪಣ್ಣನೆಂಬ ರೋಗಿಯನ್ನು, ದೇವರು ಒಲಿಯಲಿಲ್ಲವೆಂದು, ಮನೆಯವರು ಗುಡಿಯಿಂದ ಹಿಂದಕ್ಕೆ ತರಲು ಇವನ ಗಾಡಿ ಹಿಡಿದರು. ಹೀಗೆ ವಾಪಸು ಬರುವವರನ್ನು ಆ ಕಡೆಯ ಗಾಡಿಯವರೇ ತರುತ್ತಿದ್ದರು. ಹುಲುಗಪ್ಪ ತಂದದ್ದು ಅದೇ ಮೊದಲು. ಗುಡ್ಡದ ಬುಡದಲ್ಲಿ ಅರಚುತ್ತಿದ್ದ ಪಾಪಣ್ಣ ನಾಲ್ಕು ಊರು ದಾಟುತ್ತಲೇ ಸುಮ್ಮನಾದ. "ಎಲಿ ಅಡಿಕಿ ಐತೇನ್ರಿ?" ಎಂದು ಕೇಳಿದ.

ಹುಲುಗಪ್ಪ ಎತ್ತು ನಿಲ್ಲಿಸಿಬಿಟ್ಟ. ದೇವರು ಬೆನ್ನ ಹಿಂದೆ ಉಳಿದಿದ್ದಾನೆ. ಹಾಗಾದರೆ ಇಷ್ಟು ವರ್ಷ ಇವರನ್ನು ತಣಿಸಿದ್ದು ದೇವರಲ್ಲ, ದಾರಿ. ಪಾಪಣ್ಣನ ಮನೆಯವರು ಬೈದರೂ ಕೇಳದೆ ಗಾಡಿ ತಿರುಗಿಸಿದ.

ಹಂಪಕ್ಕನ ಕಾಲು ಸರಪಳಿಯ ಕೆಳಗೆ ಕೀವಾಗಿತ್ತು. ಗಂಡನನ್ನು ಕಂಡವಳು ಅವನ ಹಿಂದಿನ ಗಾಡಿಯನ್ನೂ ಕಂಡಳು, ಕಂಬವನ್ನು ತಬ್ಬಿಕೊಂಡಳು.

"ಇನ್ನ ಎಲ್ಲಿಗೆ ಒಯ್ತೀರಿ? ಇಲ್ಲೇ ಇರ್ತೀನ್ರಿ. ಗಾಡಿ ಬ್ಯಾಡ್ರಿ."

ಪೂಜಾರಿಯ ಕೈಯಿಂದ ಬೀಗ ಬಿಡಿಸಿ ಎತ್ತಿ ಕೂರಿಸಿದ. ಗಾಲಿ ಉರುಳಿದ್ದೇ ತಡ, ಅವಳ ಚೀತ್ಕಾರ ಶುರುವಾಯಿತು. ಎಷ್ಟು ಊರು ದಾಟಿದರೂ ನಿಲ್ಲಲಿಲ್ಲ. ಪಕ್ಕದಲ್ಲಿ ಪಾಪಣ್ಣ ತಣ್ಣಗೆ ಹೊಲ ನೋಡುತ್ತಿದ್ದ. ಅವಳಿಗಿದ್ದ ಒಂದೇ ಮದ್ದು ಆ ದಾರಿ; ಅದನ್ನು ಸರಪಳಿಗೆ ಮುಟ್ಟಿಸಿ ಹುಲುಗಪ್ಪ ಕೈಯಾರೆ ಕೆಡಿಸಿದ್ದ.

ಎತ್ತು ಮಾರಿ ಕೂಲಿಗೆ ಇಳಿದ. ಹಂಪಕ್ಕ ಬದುಕಿದಷ್ಟು ದಿನವೂ, ಬೀದಿಯಲ್ಲಿ ಯಾರ ಗಾಡಿಯ ಸದ್ದಾದರೂ, ಸರಪಳಿ ಹಾಕಲೆಂದು ಗಂಡನ ಮುಂದೆ ಕಾಲು ಚಾಚಿ ಕೂರುತ್ತಿದ್ದಳು.